ಆ ಪ್ಲಾಸ್ಟಿಕ್ ಪರದೆ ಯಾರಿಗಾಗಿ?

ಆ ಅಜ್ಜಿ ಕಾಯುವ ಜಾಗದಲ್ಲಿ ಕೂರಲೇ ಇಲ್ಲ. ಬೆಂಚು ಅರ್ಧಕ್ಕರ್ಧ ಖಾಲಿ ಇತ್ತು. ಆದರೂ ಗೋಡೆಗೆ ಒರಗಿ, ಕೈ ಎರಡನ್ನೂ ಮೈಗೆ ಒತ್ತಿಕೊಂಡು ನಿಂತಿದ್ದರು. "ಕೂತ್ಕೊಳ್ಳಿ ಅಜ್ಜಿ, ಇನ್ನೂ ಹೊತ್ತಾಗುತ್ತೆ" ಅಂದೆ. "ಬೇಡಮ್ಮ, ನಾನು ಎದ್ದ ಮೇಲೆ ಅಲ್ಲಿ ಬೇರೆಯವರು ಕೂರ್ತಾರಲ್ಲ" ಅಂದರು.

ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿ, ರೇಡಿಯೇಷನ್ ಶುರುವಾಗಿ ಒಂಬತ್ತು ದಿನ ಆಗಿತ್ತು. ಆ ಒಂಬತ್ತೂ ದಿನ ಮನೆಯಲ್ಲಿ ಅವರ ತಟ್ಟೆ ಲೋಟ ಬೇರೆ, ಹಾಸಿಗೆ ಬೇರೆ. ಎರಡು ವರ್ಷದ ಮೊಮ್ಮಗಳನ್ನು ಎತ್ತಿಕೊಂಡಿಲ್ಲ. ಜೊತೆಗಿದ್ದ ಮಗನನ್ನು ಒಳಗೆ ಕರೆದು ಕೇಳಿದೆ. ಕೆಟ್ಟವನಲ್ಲ, ಅಮ್ಮನನ್ನು ದಿನಾ ತಪ್ಪದೆ ಕರೆದುಕೊಂಡು ಬರುವವನು. "ಮೇಡಂ, ನಾನು 'ಚೆರ್ನೋಬಿಲ್' ನೋಡಿದ್ದೀನಿ. ಅದರಲ್ಲಿ ಗಂಡನ್ನ ಮುಟ್ಟಿದ್ದಕ್ಕೆ ಮಗು ಹೋಯ್ತು" ಅಂದ.

ನಾನು ಮೆಡಿಕಲ್ ಫಿಸಿಸಿಸ್ಟ್. ಕ್ಯಾನ್ಸರ್ ಗಡ್ಡೆಗೆ ಎಷ್ಟು ವಿಕಿರಣ ಹೋಗಬೇಕು, ಯಾವ ಕಡೆಯಿಂದ ಹೋಗಬೇಕು ಅಂತ ಲೆಕ್ಕ ಹಾಕುವುದು ಒಂದು ಕೆಲಸ. ಅದು ಬೇಡದವರಿಗೆ ತಾಗದಂತೆ ಕಾಯುವುದು ಇನ್ನೊಂದು. 1986ರಲ್ಲಿ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣು ವಿದ್ಯುತ್ ಸ್ಥಾವರ ಸಿಡಿದ ಕಥೆ ಹೇಳುವ ಈ ಧಾರಾವಾಹಿ 2019ರಲ್ಲಿ ಬಂತು. ಆವತ್ತಿನಿಂದ ಇದೇ ಮಾತು ನನ್ನ ಕೋಣೆಯಲ್ಲಿ ಎಷ್ಟು ಸಲ ಆಗಿದೆಯೋ ಲೆಕ್ಕ ಇಟ್ಟಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ಧಾರಾವಾಹಿ ನನಗೆ ತುಂಬಾ ಇಷ್ಟ. ಐದು ಕಂತನ್ನೂ ಎರಡೆರಡು ಸಲ ನೋಡಿದ್ದೇನೆ. ಆ 3.6 ರಾಂಟ್‌ಜನ್ ಪ್ರಸಂಗ ಇದೆಯಲ್ಲ, ಅದನ್ನು ನಮ್ಮಲ್ಲಿಗೆ ಹೊಸದಾಗಿ ಬರುವ ಹುಡುಗರಿಗೆಲ್ಲ ಹೇಳುತ್ತೇನೆ. ರಾಂಟ್‌ಜನ್ ಅಂದರೆ ವಿಕಿರಣದ ಒಂದು ಅಳತೆ. ಸ್ಥಾವರದಲ್ಲಿ ಕೈಗೆ ಸಿಕ್ಕ ಮೀಟರ್ ಗಂಟೆಗೆ 3.6 ತೋರಿಸಿತು. ಮೇಲಿನವರು ಅದನ್ನೇ ನಂಬಿ ಕೂತರು. ಆ ಮೀಟರ್ ಅಳೆಯಬಲ್ಲದ್ದೇ ಅಷ್ಟು! ಮುಳ್ಳು ಕೊನೆಗೆ ಬಡಿದು ನಿಂತಿತ್ತು. ಹೊರಗೆ ಇದ್ದದ್ದು ಅದರ ಸಾವಿರಾರು ಪಟ್ಟು. ಮೀಟರ್ ಕೈಗೆ ತಗೊಂಡ ತಕ್ಷಣ ಇದು ಎಲ್ಲಿವರೆಗೆ ಅಳೆಯುತ್ತೆ ಅಂತ ನೋಡುವ ಅಭ್ಯಾಸ ನಮ್ಮ ಕಸುಬಿನಲ್ಲಿ ಉಸಿರಾಟದ ಹಾಗೆ ಇರಬೇಕು. ಛಾವಣಿಯ ಮೇಲೆ ಒಬ್ಬೊಬ್ಬರಿಗೆ 90 ಸೆಕೆಂಡ್ ಕೊಟ್ಟು, ರಿಯಾಕ್ಟರ್‌ನಿಂದ ಸಿಡಿದು ಬಿದ್ದ ಗ್ರಾಫೈಟ್ ತುಂಡು ತಳ್ಳಿಸುವ ದೃಶ್ಯವೂ ಹಾಗೇ. ವಿಕಿರಣದಲ್ಲಿ ಸಮಯ ಅಂದರೆ ಏನು ಅನ್ನುವುದನ್ನು ಅದಕ್ಕಿಂತ ಚೆನ್ನಾಗಿ ನಾನು ಯಾವ ಪಾಠದಲ್ಲೂ ಹೇಳಿಕೊಡಲಾರೆ.

ನನ್ನ ತಕರಾರು ಒಂದೇ. ಅದು ಆ ಆಸ್ಪತ್ರೆಯ ದೃಶ್ಯಗಳ ಬಗ್ಗೆ.

ಅಗ್ನಿಶಾಮಕ ವಸಿಲಿ ಇಗ್ನಾಟೆಂಕೊ ಮಾಸ್ಕೋದ 6ನೇ ನಂಬರ್ ಆಸ್ಪತ್ರೆಯಲ್ಲಿ ಮಲಗಿದ್ದಾರೆ. ಸುತ್ತ ಪ್ಲಾಸ್ಟಿಕ್ ಪರದೆ. ಬಸುರಿ ಹೆಂಡತಿ ಲ್ಯುದ್ಮಿಲಾ ನರ್ಸ್‌ಗಳ ಕಣ್ಣು ತಪ್ಪಿಸಿ ಒಳಗೆ ಹೋಗಿ ಗಂಡನ ಕೈ ಹಿಡಿಯುತ್ತಾರೆ. ನಾಲ್ಕನೇ ಕಂತಿನ ಕೊನೆಯಲ್ಲಿ ಮಗು ಹುಟ್ಟಿ, ನಾಲ್ಕೇ ಗಂಟೆಯಲ್ಲಿ ತೀರಿಕೊಳ್ಳುತ್ತದೆ. ತಾಯಿಗೆ ಬರಬೇಕಿದ್ದ ವಿಕಿರಣವನ್ನು ಮಗು ಹೀರಿಕೊಂಡಿತು ಅಂತ ಒಂದು ಪಾತ್ರದ ಬಾಯಲ್ಲಿ ಹೇಳಿಸುತ್ತಾರೆ. ನೋಡುವವರ ಎದೆ ಒಡೆಯುತ್ತೆ. ಜೊತೆಗೆ ಒಂದು ತಪ್ಪು ತಿಳಿವಳಿಕೆ ಒಳಗೆ ಹೋಗಿ ಗಟ್ಟಿಯಾಗಿ ಕೂತುಬಿಡುತ್ತೆ. ವಿಕಿರಣ ತಾಗಿದವನೇ ವಿಕಿರಣ ಸೂಸುತ್ತಾನೆ ಅಂತ.

ಇದೊಂದು ವಿಷಯವನ್ನು ನಿಧಾನಕ್ಕೆ ಹೇಳುತ್ತೇನೆ. ಗೊತ್ತಿದೆ ಅನ್ನಿಸಿದರೂ ದಯವಿಟ್ಟು ಓದಿ. ಓದಿದವರು, ದೊಡ್ಡ ಕೆಲಸದಲ್ಲಿರುವವರು, ಕೆಲವೊಮ್ಮೆ ಬೇರೆ ವಿಭಾಗದ ಡಾಕ್ಟರೂ ಇಲ್ಲಿ ಎಡವಿದ್ದನ್ನು ನೋಡಿದ್ದೇನೆ.

ಚಳಿಯಲ್ಲಿ ಒಬ್ಬ ಬೆಂಕಿ ಮುಂದೆ ಕೂತು ಮೈ ಕಾಸಿಕೊಳ್ಳುತ್ತಾನೆ ಅಂದುಕೊಳ್ಳಿ. ತೀರಾ ಹತ್ತಿರ ಕೂತರೆ ಚರ್ಮ ಸುಟ್ಟೇ ಹೋಗಬಹುದು. ಆದರೆ ಅವನು ಎದ್ದು ಮನೆಗೆ ಬಂದರೆ ಮನೆಗೆ ಬೆಂಕಿ ಬರುವುದಿಲ್ಲ. ಅವನನ್ನು ತಬ್ಬಿಕೊಂಡರೆ ನಿಮ್ಮ ಮೈ ಸುಡುವುದಿಲ್ಲ. ಇನ್ನೊಬ್ಬ ಅದೇ ಬೆಂಕಿಯ ಬೂದಿಯಲ್ಲಿ ಹೊರಳಾಡಿ ಎದ್ದ. ಬೂದಿಯಲ್ಲಿ ಇನ್ನೂ ಕೆಂಡದ ಚೂರುಗಳಿವೆ. ಇವನು ನಡೆದಲ್ಲೆಲ್ಲ ಬೂದಿ ಉದುರುತ್ತೆ. ಕೂತ ಕುರ್ಚಿಗೆ, ಹಿಡಿದ ಬಾಗಿಲಿಗೆ, ಎತ್ತಿಕೊಂಡ ಮಗುವಿಗೆ ಅಂಟುತ್ತೆ. ಇವನ ಬಟ್ಟೆ ಬಿಚ್ಚಿಸಿ, ಮೈ ತೊಳೆಸಬೇಕು. ತೊಳೆದ ಮೇಲೆ ಇವನೂ ಮೊದಲನೆಯವನ ಹಾಗೇ. ಮೈ ಸುಟ್ಟಿರಬಹುದು, ಆದರೆ ಯಾರಿಗೂ ಅಪಾಯ ಇಲ್ಲ.

ಕಿರಣ ತಾಗುವುದು ಬೇರೆ, ದೂಳು ಅಂಟುವುದು ಬೇರೆ. ಇಷ್ಟೇ ವಿಷಯ.

ಬೂದಿ ಬಾಯಲ್ಲೋ ಮೂಗಲ್ಲೋ ಹೊಟ್ಟೆಗೆ ಹೋಗಿದ್ದರೆ? ಅದು ಮೂರನೇ ಸಂಗತಿ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮಲ್ಲಿ ಜನ "ಕರೆಂಟ್ ಕೊಡಿಸ್ತಾ ಇದ್ದೀವಿ" ಅಂತಾರಲ್ಲ, ಆ ಚಿಕಿತ್ಸೆ ಪೂರ್ತಿ ಮೊದಲನೇ ಜಾತಿಯದು. ಯಂತ್ರ ಕಿರಣ ಬಿಡುತ್ತೆ, ಕಿರಣ ಮೈಯೊಳಗೆ ಹಾದು ಹೋಗುತ್ತೆ, ಯಂತ್ರ ನಿಲ್ಲುತ್ತೆ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದಾ? ಹಾಗೇ ಇದೂ. ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್ ಕೂಡ ಇದೇ ಸಾಲಿಗೆ ಸೇರುತ್ತವೆ. ಹೇಳಬೇಕಾದ ಒಂದು ಅಪವಾದ ಇದೆ. ನ್ಯೂಟ್ರಾನ್ ಕಣಗಳು ಬಡಿದರೆ ಬೇರೆ ವಸ್ತುವೂ ವಿಕಿರಣಶೀಲ ಆಗುತ್ತೆ. ಅದು ಮುಖ್ಯವಾಗಿ ಓಡುತ್ತಿರುವ ರಿಯಾಕ್ಟರ್ ಒಳಗಿನ ಕಥೆ. ಹೆಚ್ಚು ಶಕ್ತಿಯ ಚಿಕಿತ್ಸಾ ಯಂತ್ರಗಳಲ್ಲೂ ಒಂಚೂರು ಆಗುತ್ತೆ, ಅದನ್ನು ನಾವು ಅಳೆದು ನೋಡಿಕೊಳ್ಳುತ್ತೇವೆ. ಮನೆಯವರು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಈಗ ಆ ಅಗ್ನಿಶಾಮಕರ ಹತ್ತಿರ ಹೋಗೋಣ. 1986ರ ಏಪ್ರಿಲ್ 26, ರಾತ್ರಿ 1 ಗಂಟೆ 23 ನಿಮಿಷ. 4ನೇ ರಿಯಾಕ್ಟರ್ ಸಿಡಿಯಿತು. ಅವರು ಹೋಗಿ ನಿಂತದ್ದು ಬೆಂಕಿ ಮತ್ತು ಬೂದಿ ಎರಡರ ನಡುವೆ. ತೆರೆದ ರಿಯಾಕ್ಟರ್‌ನಿಂದ, ಸುತ್ತ ಬಿದ್ದ ತುಂಡುಗಳಿಂದ ಕಿರಣ. ಮೈಮೇಲೆ, ಬಟ್ಟೆಯ ಮೇಲೆ ದೂಳು. ಸ್ಥಾವರದ ಪಕ್ಕದ ಊರು ಪ್ರಿಪ್ಯತ್‌ನ ಆಸ್ಪತ್ರೆಯಲ್ಲಿ ಅವರ ಬಟ್ಟೆ ಬಿಚ್ಚಿಸಿ ನೆಲಮಾಳಿಗೆಗೆ ಎಸೆದರು. ಎರಡನೇ ಕಂತಿನಲ್ಲಿ ಅದನ್ನು ತೋರಿಸಿದ್ದಾರೆ. ಬಟ್ಟೆ ಎತ್ತಿದ ನರ್ಸ್ ಕೈ ಕೆಂಪಾಗುತ್ತೆ. ಅದು ಸರಿಯಾದ ದೃಶ್ಯ! ಆ ಬಟ್ಟೆಯ ರಾಶಿ ದಶಕಗಳ ನಂತರವೂ ಮೀಟರ್ ಅನ್ನು ಕಿರುಚಿಸುತ್ತಿತ್ತು. ಬಟ್ಟೆ ತೆಗೆದರೆ ದೂಳಿನ ಬಹುಪಾಲು ಹೋಗುತ್ತೆ. ಉಳಿದದ್ದಕ್ಕೆ ಸೋಪು, ನೀರು.

ಹಾಗಾದರೆ ಮಾಸ್ಕೋದಲ್ಲಿ ಮಲಗಿದ್ದಾಗ? ಆ ಹೊತ್ತಿಗೆ ಬಟ್ಟೆ ಹೋಗಿತ್ತು, ಮೈ ತೊಳೆದಾಗಿತ್ತು. ಅವರಲ್ಲಿ ಬಹುತೇಕರನ್ನು ಕೊಂದದ್ದು ಹೊರಗಿನಿಂದ ತಾಗಿದ ಕಿರಣ. ಒಳಗೆ ಹೋದದ್ದರ ಪಾಲು ಅದಕ್ಕೆ ಹೋಲಿಸಿದರೆ ಸಣ್ಣದು. ಆಗ ಅಮೆರಿಕದಿಂದ ಹೋಗಿ ಅಲ್ಲಿ ಚಿಕಿತ್ಸೆ ಕೊಟ್ಟ ವೈದ್ಯ ರಾಬರ್ಟ್ ಗೇಲ್ ಧಾರಾವಾಹಿ ಬಂದ ಮೇಲೆ ಇದನ್ನೇ ಬರೆದರು. ರೋಗಿಗಳಿಂದ ನೋಡಲು ಬಂದವರಿಗೆ ಅಪಾಯ ಇರಲಿಲ್ಲ ಅಂತ.

ಮತ್ತೆ ಪರದೆ ಯಾಕೆ?

ವಿಕಿರಣ ಜಾಸ್ತಿ ತಾಗಿದರೆ ಮೊದಲು ಸಾಯುವುದು ಮೂಳೆ ಮಜ್ಜೆ. ಬಿಳಿ ರಕ್ತಕಣಗಳು ಹುಟ್ಟುವ ಜಾಗ ಅದು. ಒಂದೆರಡು ವಾರದಲ್ಲಿ ರಕ್ತದಲ್ಲಿ ಬಿಳಿಕಣ ಹೆಚ್ಚುಕಡಿಮೆ ಇಲ್ಲದ ಹಾಗಾಗುತ್ತೆ. ಆಮೇಲೆ ನಮಗೆ ನೆಗಡಿ ತರುವ ರೋಗಾಣುವೇ ಅವರಿಗೆ ಯಮ. ಚರ್ಮ ಸುಟ್ಟಿದೆ, ಕರುಳು ಹುಣ್ಣಾಗಿದೆ, ತಡೆಯಲು ಸೈನ್ಯ ಇಲ್ಲ. ಆಸ್ಪತ್ರೆ ಸೇರಿದವರಲ್ಲಿ 134 ಜನಕ್ಕೆ ತೀವ್ರ ವಿಕಿರಣ ಕಾಯಿಲೆ ಅಂತ ಖಚಿತವಾಯಿತು. ಅವರಲ್ಲಿ 28 ಜನ ಅದೇ ವರ್ಷ ತೀರಿಕೊಂಡರು. ವಸಿಲಿ ಹೋದದ್ದು ಮೇ 13ಕ್ಕೆ. ಅಲ್ಲಿನ ವೈದ್ಯೆ ಆಂಗೆಲಿನಾ ಗುಸ್ಕೋವಾ ಮತ್ತು ಅವರ ಜೊತೆಯವರು ಆ ವಾರಗಳಲ್ಲಿ ಹೋರಾಡಿದ್ದು ರಕ್ತಸ್ರಾವದ ಜೊತೆ, ಸುಟ್ಟ ಚರ್ಮದ ಜೊತೆ, ಸೋಂಕಿನ ಜೊತೆ.

ಆ ಪರದೆ ಇದ್ದದ್ದು ವಸಿಲಿಯನ್ನು ಕಾಯಲು. ನಮ್ಮಿಂದ ಅವರನ್ನು. ಧಾರಾವಾಹಿ ಇದನ್ನು ಪೂರ್ತಿ ತಿರುವಿ ಹಾಕಿದೆ.

ಆ ಮಗುವಿನ ಸಾವಿಗೆ ಕಾರಣ ಇದೇ ಅಂತ ನಾನು ಹೇಳಲಾರೆ. ಒಂದು ಸಾವಿನ ಕಾರಣವನ್ನು ಇಷ್ಟು ದೂರದಿಂದ ತೀರ್ಮಾನ ಮಾಡುವುದು ನನ್ನ ಕಸುಬಿನ ಮರ್ಯಾದೆ ಅಲ್ಲ. ಆದರೆ ತಾಯಿಯ ಬದಲು ಮಗು ವಿಕಿರಣ ಹೀರಿಕೊಂಡು ತಾಯಿಯನ್ನು ಉಳಿಸಿತು ಅನ್ನುವ ಮಾತಿಗೆ ಭೌತಶಾಸ್ತ್ರದಲ್ಲಿ ಜಾಗ ಇಲ್ಲ. ಗರ್ಭದಲ್ಲಿರುವ ಮಗುವಿಗೆ ಕಿರಣ ತಲುಪಬೇಕಾದರೆ ತಾಯಿಯ ಮೈ ದಾಟಿಯೇ ಹೋಗಬೇಕು. ತಾಯಿಯನ್ನು ಬಿಟ್ಟು ಮಗುವಿಗೆ ಮಾತ್ರ ತಾಗುವ ಕಿರಣ ಇಲ್ಲ. ಗಂಡನ ಕೈ ಹಿಡಿದು ಕೂತ ಹೆಂಗಸಿನ ಮೇಲೆ ಆ ಭಾರ ಹೊರಿಸಿದ್ದು ನನಗೆ ತುಂಬಾ ನೋವು ಕೊಡುತ್ತೆ.

ಇಂಥ ತಪ್ಪು ತಿಳಿವಳಿಕೆ ಮನೆಯೊಳಗೆ ಮಾತ್ರ ನಿಲ್ಲುವುದಿಲ್ಲ. 1986ರಲ್ಲಿ ಗ್ರೀಸ್‌ನಲ್ಲಿ ಎಷ್ಟೋ ಬಸುರಿ ಹೆಂಗಸರು ಭಯಕ್ಕೆ ಗರ್ಭ ತೆಗೆಸಿಕೊಂಡರು. 1987ರ ಜನವರಿಯಲ್ಲಿ ಹೆರಿಗೆಗಳ ಸಂಖ್ಯೆ ಎದ್ದು ಕಾಣುವಷ್ಟು ಕುಸಿಯಿತು. ಅವರಿಗೆ ಸಿಕ್ಕ ವಿಕಿರಣ 1 ಮಿಲಿಸೀವರ್ಟ್ (ಮೈಗೆ ತಾಗಿದ ವಿಕಿರಣದ ಅಳತೆ ಇದು) ಕೂಡ ದಾಟಿರಲಿಲ್ಲ. ನೆಲದಿಂದ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸುಮ್ನೆ ಬರುತ್ತಲೇ ಇರುತ್ತೆ. ಜಪಾನಿನ ಫುಕುಶಿಮಾದಲ್ಲಿ ಅಣು ಸ್ಥಾವರದ ಅವಘಡ ಆದ ಮೇಲೆ ಅಲ್ಲಿಂದ ಬೇರೆ ಊರಿಗೆ ಹೋದ ಮಕ್ಕಳನ್ನು ಶಾಲೆಯಲ್ಲಿ ಜೊತೆಯವರು ಹೀಯಾಳಿಸಿದ್ದೂ ಇದೇ ಭಯದಿಂದ.

ಹಾಗಂತ ಬೂದಿಯನ್ನು ಹಗುರವಾಗಿ ತಗೋಬೇಡಿ. 1987ರಲ್ಲಿ ಬ್ರೆಜಿಲ್‌ನ ಗೋಯಾನಿಯಾದಲ್ಲಿ, ಖಾಲಿ ಬಿದ್ದಿದ್ದ ಕ್ಲಿನಿಕ್ ಒಂದರಿಂದ ರೇಡಿಯೇಷನ್ ಯಂತ್ರದ ಮೂಲವನ್ನು ಗುಜರಿಗೆ ಅಂತ ಹೊತ್ತೊಯ್ದರು. ಒಡೆದಾಗ ಒಳಗೆ ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಪುಡಿ ಇತ್ತು. ವಿಕಿರಣ ಸೂಸುವ ಸೀಸಿಯಂ-137. ಚೆಂದ ಇದೆ ಅಂತ ಮನೆಗೆ ತಂದರು, ಹಂಚಿಕೊಂಡರು, ಮೈಗೆ ಹಚ್ಚಿಕೊಂಡರು. ಆರು ವರ್ಷದ ಒಂದು ಹುಡುಗಿ ಅದೇ ಕೈಯಲ್ಲಿ ಊಟ ಮಾಡಿದಳು. ನಾಲ್ಕು ಜನ ಸತ್ತರು, ಅವಳೂ ಸೇರಿ. ಅಲ್ಲಿ ಮುಟ್ಟಿದರೆ ಅಂಟುತ್ತಿತ್ತು, ಹೌದು.

ಈಗ ಹೊಟ್ಟೆಗೆ ಹೋದ ಬೂದಿಯ ಮಾತು. ಚೆರ್ನೋಬಿಲ್‌ನಲ್ಲಿ ವಿಕಿರಣ ಸೂಸುವ ಅಯೋಡಿನ್-131 ಹುಲ್ಲಿನ ಮೇಲೆ ಬಿತ್ತು. ಹಸು ಮೇಯಿತು, ಹಾಲಿಗೆ ಬಂತು, ಮಕ್ಕಳು ಕುಡಿದರು. ಥೈರಾಯ್ಡ್ ಗ್ರಂಥಿ ಅಯೋಡಿನ್ನನ್ನು ಹುಡುಕಿ ಹುಡುಕಿ ಎಳೆದುಕೊಳ್ಳುತ್ತೆ. ಆಗ ಮಕ್ಕಳೋ ಹದಿಹರೆಯದವರೋ ಆಗಿದ್ದವರಲ್ಲಿ 2005ರ ಹೊತ್ತಿಗೆ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಕಂಡುಬಂದಿತ್ತು. ಅದರಲ್ಲಿ ಗಣನೀಯ ಪಾಲು ಈ ಹಾಲಿನದು. ಅದೇ ಅಯೋಡಿನ್-131 ಅನ್ನು ಇವತ್ತು ನಾವು ಥೈರಾಯ್ಡ್ ಕ್ಯಾನ್ಸರ್‌ಗೆ ಔಷಧಿಯಾಗಿ ಕೊಡುತ್ತೇವೆ, ಗುಳಿಗೆಯ ರೂಪದಲ್ಲಿ.

ಆ ಗುಳಿಗೆ ನುಂಗಿದವರು ಕೆಲವು ದಿನ ನಿಜಕ್ಕೂ ವಿಕಿರಣ ಸೂಸುತ್ತಾರೆ. ಎಂಟು ದಿನಕ್ಕೊಮ್ಮೆ ಅದು ಅರ್ಧವಾಗುತ್ತೆ. ಬಹಳಷ್ಟು ಮೂತ್ರದಲ್ಲೇ ಹೊರಗೆ ಹೋಗುತ್ತೆ. ಅವರಿಗೆ ನಾವು ಕಾಗದದಲ್ಲಿ ಬರೆದೇ ಕೊಡುತ್ತೇವೆ. ಇಷ್ಟು ದಿನ ಮಕ್ಕಳನ್ನು ಮಡಿಲಲ್ಲಿ ಕೂರಿಸಬೇಡಿ, ಬಸುರಿಯರಿಂದ ದೂರ ಇರಿ, ಬೇರೆ ಮಲಗಿ, ಬಟ್ಟೆ ಬೇರೆ ಒಗೆಯಿರಿ. ದಿನದ ಲೆಕ್ಕ ಒಬ್ಬೊಬ್ಬರಿಗೆ ಒಂದೊಂದು. ಪಕ್ಕದ ಮನೆಯವರ ಕಾಗದ ನೋಡಿ ನೀವು ನಡೆಯಬೇಡಿ. ಕೆಲವು ಕ್ಯಾನ್ಸರ್‌ಗಳಲ್ಲಿ ಸಣ್ಣ ವಿಕಿರಣಶೀಲ ಬೀಜಗಳನ್ನು ಮೈಯೊಳಗೇ ಬಿಡುತ್ತಾರೆ. ಅವರಿಗೂ ಬೇರೆ ಸೂಚನೆ ಇರುತ್ತೆ.

ನನಗೆ ಸಿಟ್ಟು ಬರುವುದು ಇಲ್ಲೇ. ಅಯೋಡಿನ್ ತಗೊಂಡ ಒಬ್ಬರು ಮೂರನೇ ದಿನಕ್ಕೇ ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಂಡಿದ್ದರು. "ಬರೀ ಗುಳಿಗೆ ಅಲ್ವಾ ಮೇಡಂ, ಕರೆಂಟ್ ಏನೂ ಕೊಟ್ಟಿಲ್ಲವಲ್ಲ" ಅಂದರು. ಅದೇ ವಾರ ಈ ಅಜ್ಜಿ, ಯಾರಿಗೂ ಕೂದಲೆಳೆಯಷ್ಟೂ ಅಪಾಯ ಇಲ್ಲದವರು, ಬೆಂಚಿನ ಮೇಲೆ ಕೂರಲು ಹೆದರಿ ನಿಂತಿದ್ದರು.

ಅಜ್ಜಿಯ ಮಗನಿಗೆ ಮಾತಿನಲ್ಲಿ ಹೇಳಿ ಪ್ರಯೋಜನ ಇಲ್ಲ ಅನ್ನಿಸಿತು. ವಿಕಿರಣ ಅಳೆಯುವ ಸರ್ವೆ ಮೀಟರ್ ತಂದೆ. ಮೊದಲು ಗೋಡೆಯ ಹತ್ತಿರ ಹಿಡಿದೆ. ಬಿಟ್ಟು ಬಿಟ್ಟು ಟಿಕ್, ಟಿಕ್. ಗಂಟೆಗೆ 0.1 ಮೈಕ್ರೋಸೀವರ್ಟ್ ಆಸುಪಾಸು. ಆಮೇಲೆ ನನ್ನ ಅಂಗೈಗೆ, ಅವನ ಅಂಗೈಗೆ. ಅದೇ ಟಿಕ್, ಟಿಕ್. ಆಗಷ್ಟೇ ಯಂತ್ರದಿಂದ ಇಳಿದು ಬಂದಿದ್ದ ಅಜ್ಜಿಯ ಎದೆಯ ಹತ್ತಿರ ಹಿಡಿದೆ. ಅಂಕಿ ಜಗ್ಗಲಿಲ್ಲ. ಅವನು ಮೀಟರ್ ತನ್ನ ಕೈಗೇ ತಗೊಂಡ. ಅಮ್ಮನ ಬೆನ್ನಿಗೆ, ಕೈಗೆ, ಕಾಲಿಗೆ ಹಿಡಿದು ನೋಡಿದ. ಆಮೇಲೆ ಗೋಡೆಗೆ ಇನ್ನೊಮ್ಮೆ. ನಾನು ಸುಮ್ಮನೆ ನಿಂತಿದ್ದೆ. "ಹಂಗಾರೆ ಪುಟ್ಟಿನ ಎತ್ಕೋಬೋದಾ?" ಅಂತ ಅಜ್ಜಿ ಕೇಳಿದ್ದು ನನ್ನನ್ನಲ್ಲ, ಮಗನನ್ನು.

ನೀವು ಕೇಳಬೇಕಾದ ಪ್ರಶ್ನೆ ಒಂದೇ, ಅದನ್ನು ಡಾಕ್ಟರ ಹತ್ತಿರವೋ ನಮ್ಮಂಥವರ ಹತ್ತಿರವೋ ಕೇಳಿ. "ಇವರ ಮೈಯಲ್ಲಿ ಏನಾದರೂ ಉಳಿದಿದೆಯಾ, ಇಲ್ಲಾ ಬರೀ ಹಾದು ಹೋಯಿತಾ?" ಉಳಿದಿದೆ ಅಂದರೆ ಎಷ್ಟು ದಿನ ಅಂತ ಕೇಳಿ ಬರೆದುಕೊಳ್ಳಿ. ಹಾದು ಹೋಯಿತು ಅಂದರೆ ಮನೆಗೆ ಹೋಗಿ ಅದೇ ತಟ್ಟೆಯಲ್ಲಿ ಊಟ ಬಡಿಸಿ.

ಮೊನ್ನೆ ಮೂಳೆ ಮಜ್ಜೆ ಕಸಿಗೆ ಅಂತ ಇಡೀ ಮೈಗೆ ರೇಡಿಯೇಷನ್ ಪಡೆದ ಒಬ್ಬ ಹುಡುಗನನ್ನು ನೋಡಲು ಅವನ ಚಿಕ್ಕಪ್ಪ ಬಂದಿದ್ದರು. ಹುಡುಗ ಗಾಜಿನ ಬಾಗಿಲ ಆಚೆ ಒಬ್ಬನೇ ಮಲಗಿದ್ದ. ಇವರು ಸೀದಾ ನನ್ನ ಕೋಣೆಗೆ ಬಂದು, "ಮೇಡಂ, ಒಂದು ಸೀಸದ ಏಪ್ರನ್ ಕೊಡ್ತೀರಾ, ಒಳಗೆ ಹೋಗಿ ಬರ್ತೀನಿ" ಅಂದರು. ಹೇಳಿ ಮುಗಿಸುವಷ್ಟರಲ್ಲಿ ಎರಡು ಸಲ ಸೀನಿದರು. ಅವರ ಕೈಗೆ ಒಂದು ಮಾಸ್ಕ್ ಕೊಟ್ಟು, ನೆಗಡಿ ಪೂರ್ತಿ ವಾಸಿಯಾದ ಮೇಲೆ ಬನ್ನಿ ಅಂತ ಮನೆಗೆ ಕಳಿಸಿದೆ.