ಚಳಿ ಮುನ್ಸೂಚನೆಯ ಎರಡನೇ ವಾಕ್ಯ

ಚಳಿಗಾಳಿಯ ದಿನಗಳಲ್ಲಿ ನನಗೆ ಬರುವ ಫೋನುಗಳಲ್ಲಿ ಒಂದೇ ಪ್ರಶ್ನೆ: ‘ಸಾರ್, ನಾಳೆ ಎಷ್ಟು ಡಿಗ್ರಿ?’ ಮುನ್ಸೂಚನೆಯ ಕೆಲಸದಲ್ಲಿ ಇಷ್ಟು ಚಳಿಗಾಲ ಕಳೆದ ಮೇಲೂ ಉತ್ತರ ಕೊಡುವಾಗ ತಡವರಿಸುತ್ತೇನೆ. ಡಿಗ್ರಿ ಹೇಳುವುದು ಸುಲಭ. ಅದೊಂದನ್ನೇ ಕೇಳಿಕೊಂಡು ಏನು ಮಾಡುತ್ತೀರಿ?

ಭಾರತೀಯ ಹವಾಮಾನ ಇಲಾಖೆ ಶೀತಗಾಳಿ ಎನ್ನುವುದು ಬರೀ ಡಿಗ್ರಿ ನೋಡಿ ಅಲ್ಲ. ಬಯಲುಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಜೊತೆಗೆ ವಾಡಿಕೆಗಿಂತ 4.5ರಿಂದ 6.4 ಡಿಗ್ರಿ ಇಳಿದಿರಬೇಕು. ಅದನ್ನೂ ಮೀರಿ ಇಳಿದರೆ ತೀವ್ರ ಶೀತಗಾಳಿ. ಹಾಗಾಗಿ ವಾಡಿಕೆ 14 ಇರುವ ಊರಲ್ಲಿ 9 ಆದರೆ ಎಚ್ಚರಿಕೆ ಕೊಡುತ್ತೇವೆ. ವಾಡಿಕೆ 6 ಇರುವ ಊರಲ್ಲಿ 5 ಆದರೆ ಸುಮ್ಮನಿರುತ್ತೇವೆ. ಆದರೆ 4 ಡಿಗ್ರಿಗೆ ಇಳಿದರೆ ವಾಡಿಕೆ ಎಷ್ಟೇ ಇರಲಿ, ಬಯಲಿನಲ್ಲಿ ಅದು ಶೀತಗಾಳಿಯೇ.

ಜನ ಎಡವುವುದು ಬೇರೆ ಕಡೆ. ಜನವರಿಯಲ್ಲಿ ದೇಶದ ಮುನ್ಸೂಚನೆ ಹೆಚ್ಚಾಗಿ ಹೀಗಿರುತ್ತದೆ: ‘ವಾಯವ್ಯ ಭಾರತದಲ್ಲಿ ಮುಂದಿನ ಎರಡು ದಿನ ಕನಿಷ್ಠ ಉಷ್ಣಾಂಶ 2ರಿಂದ 3 ಡಿಗ್ರಿ ಏರಿಕೆ. ನಂತರ 3ರಿಂದ 5 ಡಿಗ್ರಿ ಇಳಿಕೆ.’ ಮೊದಲ ವಾಕ್ಯ ಓದಿ ‘ಚಳಿ ಮುಗೀತು’ ಅಂದುಕೊಳ್ಳುತ್ತಾರೆ. ನಾವು ಬರೆದದ್ದೇ ಎರಡನೆಯದಕ್ಕಾಗಿ.

ಏರಿಕೆಗೆ ಕಾರಣ ವೆಸ್ಟರ್ನ್ ಡಿಸ್ಟರ್ಬೆನ್ಸ್. ಮೆಡಿಟರೇನಿಯನ್ ಕಡೆಯಿಂದ ಹೊರಟು ಇರಾನ್, ಅಫ್ಘಾನಿಸ್ತಾನ ದಾಟಿ ಹಿಮಾಲಯಕ್ಕೆ ಬರುವ ಮೋಡ-ಮಳೆಯ ವ್ಯವಸ್ಥೆ ಇದು. ಅದು ಹತ್ತಿರ ಬಂದಾಗ ಬಯಲಿನ ಮೇಲೂ ಮೋಡ ಕವಿಯುತ್ತದೆ. ಹಗಲಲ್ಲಿ ಕಾದ ನೆಲ ರಾತ್ರಿ ಬಿಸಿ ಬಿಟ್ಟುಕೊಡಲು ಹೊರಟರೆ ಮೋಡ ತಡೆಯುತ್ತದೆ. ರಾತ್ರಿ ಬೆಚ್ಚಗಾಗುತ್ತದೆ. ಅತ್ತ ಕಾಶ್ಮೀರ, ಹಿಮಾಚಲದಲ್ಲಿ ಹಿಮ ಬೀಳುತ್ತಿರುತ್ತದೆ. ಮೋಡ ಸರಿದುಹೋದ ಮೇಲೆ ಆ ಕಡೆಯಿಂದ ಒಣ ಗಾಳಿ ಇಳಿಯುತ್ತದೆ, ಆಕಾಶ ತಿಳಿಯಾಗುತ್ತದೆ, ನೆಲದ ಬಿಸಿಯೆಲ್ಲ ಹಾರಿಹೋಗುತ್ತದೆ. ಮಧ್ಯದಲ್ಲಿ ಸಿಕ್ಕ ಎರಡು ಬೆಚ್ಚನೆಯ ದಿನಗಳೇ ಮುಂದಿನ ಚಳಿಯ ಸುದ್ದಿ ತರುತ್ತವೆ, ಅಲ್ವಾ?

ಇನ್ನೊಂದು ಗೊಂದಲ ‘ಶೀತ ದಿನ’ದ್ದು. ಶೀತಗಾಳಿ ರಾತ್ರಿಯ ಲೆಕ್ಕ, ಶೀತ ದಿನ ಹಗಲಿನ ಲೆಕ್ಕ. ಗಂಗಾ ಬಯಲಿನಲ್ಲಿ ಮಂಜು ಮಧ್ಯಾಹ್ನದವರೆಗೂ ಕರಗದೆ ನಿಂತರೆ ಬಿಸಿಲು ನೆಲ ಮುಟ್ಟುವುದೇ ಇಲ್ಲ. ರಾತ್ರಿ ಅಷ್ಟೇನೂ ಇಳಿಯದಿದ್ದರೂ ಹಗಲು ಮೇಲೇಳುವುದಿಲ್ಲ. ಮೈಗೆ ಇದೇ ಜಾಸ್ತಿ ಕಷ್ಟ ಎನ್ನುವುದು ನನ್ನ ಅಭಿಪ್ರಾಯ. ಚಳಿ ಕಾಯಿಸಿಕೊಳ್ಳಲು ಬಿಸಿಲೇ ಇರುವುದಿಲ್ಲವಲ್ಲ! ಉತ್ತರಕ್ಕೆ ರೈಲು ಹತ್ತುವವರು ಡಿಗ್ರಿ ಬಿಟ್ಟು ಮಂಜಿನ ಸಾಲು ಓದಲಿ. ‘ಅತಿ ದಟ್ಟ ಮಂಜು’ ಎಂದರೆ 50 ಮೀಟರ್ ಆಚೆ ಏನೂ ಕಾಣುವುದಿಲ್ಲ.

ನಮ್ಮ ಕಡೆ ಕತೆ ಸ್ವಲ್ಪ ಬೇರೆ. ಬೀದರ್, ವಿಜಯಪುರ, ಕಲಬುರಗಿಗೆ ಉತ್ತರದ ಒಣ ಗಾಳಿ ತಲುಪುತ್ತದೆ. ಉತ್ತರ ಒಳನಾಡಿಗೆ ಎಚ್ಚರಿಕೆ ಬರುವುದು ಅದಕ್ಕೇ. ಬೆಂಗಳೂರಿನವರು ‘ಏನ್ ಚಳಿ!’ ಎನ್ನುವುದು ಹೆಚ್ಚಾಗಿ ಬಂಗಾಳಕೊಲ್ಲಿಯ ಮೋಡ ಬಂದು ಜಿನುಗುವ ದಿನ. ಅಂದು ರಾತ್ರಿಯ ಉಷ್ಣಾಂಶ ವಾಡಿಕೆಗಿಂತ ಜಾಸ್ತಿಯೇ ಇರಬಹುದು, ಬಿದ್ದಿರುವುದು ಹಗಲಿನದು. ನಿಜವಾದ ಚಳಿ ಬೇಕಿದ್ದರೆ 1884ರ ಜನವರಿ 13ಕ್ಕೆ ಹೋಗಬೇಕು. ಅಂದು ನಗರದಲ್ಲಿ 7.8 ಡಿಗ್ರಿ ದಾಖಲಾಗಿತ್ತು.

ಮುನ್ಸೂಚನೆಯಲ್ಲಿ ‘ಒಂದೆರಡು ಕಡೆ’ ಎಂದಿದ್ದರೆ ಆ ಭಾಗದ ಹವಾಮಾನ ಅಳೆಯುವ ಕೇಂದ್ರಗಳಲ್ಲಿ ಕಾಲುಪಾಲಿಗಿಂತ ಹೆಚ್ಚಿಲ್ಲ ಎಂದರ್ಥ. ಟೀವಿಯವರು ಈ ಪದವನ್ನೇ ನುಂಗಿಬಿಡುತ್ತಾರೆ, ಇಡೀ ರಾಜ್ಯ ನಡುಗುತ್ತದೆ. ಯೆಲ್ಲೋ ಅಲರ್ಟ್ ಎಂದರೆ ಗಮನವಿಡಿ ಎಂದಷ್ಟೇ. ಆರೆಂಜ್ ಬಂದರೆ ಸಿದ್ಧರಾಗಿ.

ರೈತರಿಗೆ ಒಂದು ಮಾತು. ನಾವು ಹೇಳುವ ಡಿಗ್ರಿ ನೆಲದಿಂದ ಸುಮಾರು ನಾಲ್ಕಡಿ ಮೇಲೆ, ಗಾಳಿಯಾಡುವ ಬಿಳಿ ಮರದ ಪೆಟ್ಟಿಗೆಯೊಳಗೆ ಅಳೆದದ್ದು. ಗಾಳಿಯಿಲ್ಲದ ತಿಳಿ ರಾತ್ರಿ ನೆಲಮಟ್ಟದ ಚಳಿ ಅದಕ್ಕಿಂತ ಕೆಳಗಿರುತ್ತದೆ. ನಿಮ್ಮ ಸಸಿಮಡಿ ಇರುವುದು ಅಲ್ಲೇ. ಸಂಜೆಯೇ ಹೊದಿಸಿಬಿಡಿ.