ತಣ್ಣನೆಯ ಎಂಜಿನ್ನಿನ ಎರಡು ಕಿಲೋಮೀಟರ್

‘ಇಲ್ಲೇ ಗ್ರಂಥಾಲಯದವರೆಗೆ ತಾನೇ, ಎಷ್ಟು ಹೊಗೆ ಬಂದೀತು?’ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡದ ಮೇಲಾಗಲಿ, ಹುಬ್ಬಳ್ಳಿಯ ವಿದ್ಯಾನಗರದಲ್ಲಾಗಲಿ, ಸ್ಕೂಟರ್ ಏರುವವರ ಬಾಯಲ್ಲಿ ಈ ಮಾತು ಸಿದ್ಧವಾಗಿರುತ್ತದೆ. ರಸಾಯನಶಾಸ್ತ್ರ ಬಲ್ಲವರೂ ಹೀಗೆಂದರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಕಿಲೋಮೀಟರಿನ ಲೆಕ್ಕ ಹಿಡಿದರೆ ಅತ್ಯಂತ ಕೊಳಕಾದ ಪ್ರಯಾಣ ಈ ಗಿಡ್ಡ ಪ್ರಯಾಣವೇ.

ಪೆಟ್ರೋಲ್ ವಾಹನದ ಹೊಗೆಕೊಳವೆಯಲ್ಲಿ ಜೇನುಗೂಡಿನಂಥ ರಂಧ್ರಗಳ ಒಂದು ಗಟ್ಟಿಯಿದೆ, ಹೊಗೆ ತೊಳೆಯುವ ಈ ಸಾಧನದ ಹೆಸರು ಕ್ಯಾಟಲಿಟಿಕ್ ಕನ್ವರ್ಟರ್. ಅದಕ್ಕೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳು ಲೇಪ. ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಈ ಲೋಹಗಳ ಮೈಮೇಲೆ ಆಮ್ಲಜನಕದೊಡನೆ ಕೂಡಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅರೆಬೆಂದ ಪೆಟ್ರೋಲಿನ ಆವಿಯೂ ಅಲ್ಲಿಯೇ ಉರಿದುಹೋಗುತ್ತದೆ. ಆದರೆ ಇದೆಲ್ಲ ನಡೆಯಬೇಕಾದರೆ ಗಟ್ಟಿ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು. ಕಾಯದ ಹಂಚಿನ ಮೇಲೆ ರೊಟ್ಟಿ ಬೇಯುವುದುಂಟೇ? ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದ ಕಾರಣ ಅದಕ್ಕೆ ಇಂಧನವನ್ನೂ ಹೆಚ್ಚು ಕುಡಿಸಬೇಕಾಗುತ್ತದೆ. ಹೊಗೆ ಹೆಚ್ಚು ಹುಟ್ಟುವ ಹೊತ್ತಿಗೇ ಅದನ್ನು ತೊಳೆಯುವ ಲೋಹ ಮಲಗಿರುತ್ತದೆ. ಅದು ಕಾಯುವಷ್ಟರಲ್ಲಿ ವಿಭಾಗದ ಬಾಗಿಲು ಬಂದಿರುತ್ತದೆ. ಒಂದೆರಡು ತರಗತಿ ಮುಗಿಯುವಷ್ಟರಲ್ಲಿ ಮತ್ತೆ ಆರಿರುತ್ತದೆ.

ಈ ಸಾಧನದ ಹಿಂದೆ ಇರುವವನು ಯೂಜೀನ್ ಹೂಡ್ರಿ ಎಂಬ ಫ್ರೆಂಚ್ ಎಂಜಿನಿಯರ್, 1950ರ ದಶಕದಲ್ಲಿ. ಆದರೆ ಆಗಿನ ಪೆಟ್ರೋಲಿನಲ್ಲಿ ಸೀಸವಿತ್ತು, ಸೀಸ ತಗುಲಿದರೆ ಲೇಪ ಸತ್ತೇಹೋಗುತ್ತದೆ. ನಮ್ಮಲ್ಲಿ 1995ರಲ್ಲಿ ಮಹಾನಗರಗಳಿಗೆ ಸೀಸರಹಿತ ಪೆಟ್ರೋಲ್ ಬಂತು, 2000ದಲ್ಲಿ ದೇಶಕ್ಕೆಲ್ಲ. 2020ರ ಏಪ್ರಿಲ್‌ನಿಂದ ಹೊಸ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 (ಭಾರತ್ ಸ್ಟೇಜ್ 6) ನಿಯಮವಿದೆ. ಹೊಸ ಗಾಡಿಗೆ ಮೊದಲ ನಿಮಿಷಗಳ ದೋಷವಿಲ್ಲ ಎಂದುಕೊಳ್ಳುವವರಿದ್ದಾರೆ. ಕಡಿಮೆಯಾಗಿದೆ, ಹೋಗಿಲ್ಲ.

ದೂರದ ಪ್ರಯಾಣದ ಲೆಕ್ಕ ಸರಳ. ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡ್, ಡೀಸೆಲ್‌ನಿಂದ ಸುಮಾರು 2.7. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿನಲ್ಲಿ ಒಬ್ಬರೇ ಕುಳಿತರೆ ಕಿಲೋಮೀಟರಿಗೆ 150 ಗ್ರಾಂ ದಾಟುತ್ತದೆ. ಹುಬ್ಬಳ್ಳಿ-ಧಾರವಾಡದ ನಡುವಿನ ಡೀಸೆಲ್ ಬಸ್ ‘ಚಿಗರಿ’ ಲೀಟರಿಗೆ ನಾಲ್ಕೇ ಕಿಲೋಮೀಟರ್ ಓಡುತ್ತದೆ ಎಂದುಕೊಂಡರೂ, ನಲವತ್ತು ಜನರಿಗೆ ಹಂಚಿದಾಗ ತಲೆಗೆ 17 ಗ್ರಾಂ.

ಅವಳಿ ನಗರದ ನಡುವೆ ಚಿಗರಿಗೆ ಪ್ರತ್ಯೇಕ ಪಥವೇ ಇದೆ. ತೊಡಕಿರುವುದು ಧಾರವಾಡದಲ್ಲಿ ಇಳಿದ ಮೇಲಿನ ದಾರಿಯಲ್ಲಿ: ಆ ತುಂಡಿಗಾಗಿಯೇ ಅನೇಕರು ಇಡೀ ದಾರಿಗೆ ಗಾಡಿ ತೆಗೆಯುತ್ತಾರೆ. ಹಾಗಾಗಿ ಬರೀ ಜಾಗೃತಿ ಫಲಕ ಸಾಲದು. ತರಗತಿಯ ವೇಳೆಗೆ ಸರಿಯಾಗಿ ಗುಡ್ಡ ಹತ್ತುವ ಕಿರುಬಸ್ ಬೇಕು, ಮುಖ್ಯದ್ವಾರದಿಂದ ವಿಭಾಗಗಳವರೆಗೆ ನೆರಳಿರುವ ಕಾಲುದಾರಿ ಬೇಕು, ಗಾಡಿ ನಿಲುಗಡೆ ದ್ವಾರದ ಬಳಿಯೇ ಇರಬೇಕು, ಪ್ರಾಧ್ಯಾಪಕರ ಕಾರಿಗೂ ಸೇರಿ.