ಸ್ಯಾಂಪಲ್ ಯಾವ ದಿನದ್ದು?

ಸಾಫ್ಟ್‌ವೇರ್ ಬಿಟ್ಟು ಜೀವವಿಜ್ಞಾನಕ್ಕೆ ಬರಬೇಕು ಅನ್ನುವವರು ನನ್ನನ್ನು ಮೊದಲು ಕೇಳುವುದು ಒಂದೇ: "ಪೈಥಾನ್ ಗೊತ್ತು, ಆರ್ ಕೂಡ ಕಲಿಬೇಕಾ?" ಅಂಕಿಅಂಶದ ಕೆಲಸಕ್ಕೆ ಬಳಸುವ ಕೋಡ್ ಭಾಷೆ ಆರ್. ಕಲಿಯಿರಿ. ಕೋಡ್ ಬರೆಯುವ ಕೈಗೆ ಅದು ಬೇಗ ಹತ್ತುತ್ತದೆ. ಕಷ್ಟ ಇರುವುದು ಬೇರೆ ಕಡೆ.

ನಮ್ಮ ಲ್ಯಾಬಿಗೆ ಎಂಟು ವರ್ಷ ಡೆವಲಪರ್ ಆಗಿದ್ದವರೊಬ್ಬರು ಸೇರಿದರು. ಮೂರನೇ ವಾರದಲ್ಲೇ ಖುಷಿಯಿಂದ ಒಂದು ಗ್ರಾಫ್ ತೋರಿಸಿದರು. ಒಂದೊಂದು ಚುಕ್ಕಿಯೂ ಒಂದೊಂದು ಸ್ಯಾಂಪಲ್. ರೋಗಿಗಳ ಚುಕ್ಕಿಗಳೆಲ್ಲ ಎಡಕ್ಕೆ, ಆರೋಗ್ಯವಂತರದ್ದೆಲ್ಲ ಬಲಕ್ಕೆ. ಕೋಡಿನಲ್ಲಿ ಒಂದು ತಪ್ಪೂ ಇರಲಿಲ್ಲ. "ಆರ್‌ಎನ್‌ಎ ತೆಗೆದದ್ದು ಯಾವತ್ತು?" ಅಂತ ಕೇಳಿದೆ. ಜೀವಕೋಶದಲ್ಲಿ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಅಣು ಅದು. ಅವರಿಗೆ ಗೊತ್ತಿರಲಿಲ್ಲ. ಇಬ್ಬರೂ ಹೋಗಿ ಲ್ಯಾಬಿನ ನೋಟ್‌ಬುಕ್ ತೆಗೆದು ನೋಡಿದೆವು. ರೋಗಿಗಳ ಸ್ಯಾಂಪಲ್ ಪೂರ್ತಿ ಸೋಮವಾರ, ಉಳಿದದ್ದು ಪೂರ್ತಿ ಶುಕ್ರವಾರ. ಕಿಟ್ ಬೇರೆ, ಕೆಲಸ ಮಾಡಿದವರೂ ಬೇರೆ.

ಹಾಗಾದರೆ ಚುಕ್ಕಿಗಳನ್ನು ಬೇರೆ ಮಾಡಿದ್ದು ರೋಗವೋ, ದಿನವೋ? ಆ ಡೇಟಾದಿಂದ ಹೇಳುವ ದಾರಿಯೇ ಇಲ್ಲ. ಹೀಗೆ ದಿನ, ಕಿಟ್, ಕೆಲಸ ಮಾಡಿದವರು ಬದಲಾದದ್ದರಿಂದ ಬರುವ ವ್ಯತ್ಯಾಸವನ್ನು ಬ್ಯಾಚ್ ಎಫೆಕ್ಟ್ ಅನ್ನುತ್ತೇವೆ. ಎರಡೂ ಗುಂಪಿನ ಸ್ಯಾಂಪಲ್‌ಗಳನ್ನು ಪ್ರತಿ ದಿನಕ್ಕೂ ಹಂಚಿ, ಪ್ರಯೋಗವನ್ನೇ ಮತ್ತೆ ಮಾಡಬೇಕಾಯಿತು. ಕೋಡಿನ ಬಗ್ ಸರಿಮಾಡಿದರೆ ನಿಮಿಷದಲ್ಲಿ ಮತ್ತೆ ಓಡಿಸಬಹುದು. ಜೀವಕೋಶ ಬೆಳೆಯಲು ಅದರದೇ ಸಮಯ ಬೇಕು, ಅಲ್ವಾ?

ಆಮೇಲೆ ಅವರು ಎರಡು ವಾರ ಪ್ರಯೋಗ ಮಾಡುವ ಬೆಂಚಿನ ಮುಂದೆ ನಿಂತು, ದ್ರವವನ್ನು ಅಳೆದು ಹಾಕುವ ಪಿಪೆಟ್ ಹಿಡಿದರು. ಗ್ಲೌಸ್ ಹಾಕದೆ ಟ್ಯೂಬ್ ಮುಟ್ಟಿದರೆ ನಮ್ಮ ಚರ್ಮದ ಮೇಲಿನ ಕಿಣ್ವವೇ ಆರ್‌ಎನ್‌ಎಯನ್ನು ತುಂಡು ಮಾಡುತ್ತದೆ ಅಂತ ಅಲ್ಲೇ ಕಲಿತರು. ಈ ದಾರಿಗೆ ಬರುವ ಎಲ್ಲರಿಗೂ ನಾನು ಕೇಳಿಕೊಳ್ಳುವುದು ಇಷ್ಟನ್ನೇ: ಹೇಗಾದರೂ ಮಾಡಿ ಬೆಂಚಿನ ಹತ್ತಿರ ಹೋಗಿ ನಿಲ್ಲಿ.

ನಿಮ್ಮ ಹಳೆಯ ಅಭ್ಯಾಸಗಳನ್ನು ಮಾತ್ರ ಬಿಡಬೇಡಿ. ನಮಗೆ ಅವು ತುಂಬಾ ಬೇಕು. ಡಿಎನ್‌ಎಯ ಜಾಗಗಳನ್ನು ಬರೆದಿಡುವ ಬೆಡ್ (BED) ಫೈಲ್ ಸೊನ್ನೆಯಿಂದ ಎಣಿಸುತ್ತದೆ, ಡಿಎನ್‌ಎಯ ಬದಲಾವಣೆಗಳನ್ನು, ಅಂದರೆ ಮ್ಯುಟೇಶನ್‌ಗಳನ್ನು, ಬರೆದಿಡುವ ವಿಸಿಎಫ್ (VCF) ಫೈಲ್ ಒಂದರಿಂದ. ಒಂದು ಅಕ್ಷರ ಆಚೀಚೆ ಆದರೆ ಬೇರೆಯೇ ಮ್ಯುಟೇಶನ್ ಓದಿದಂತೆ. ಎಸ್‌ಇಪಿಟಿ2 ಅನ್ನುವ ಜೀನನ್ನು ಎಕ್ಸೆಲ್ ಸೆಪ್ಟೆಂಬರ್ 2 ಅಂತ ತಾರೀಖು ಮಾಡುತ್ತಿತ್ತು. ಇಂಥ ಜೀನ್‌ಗಳ ಹೆಸರು ಬದಲಾಗಿರುವುದನ್ನು 2020ರಲ್ಲಿ ಜೀನ್ ಹೆಸರುಗಳ ಸಮಿತಿಯೇ ತನ್ನ ಮಾರ್ಗಸೂಚಿಯಲ್ಲಿ ಹೇಳಿತು. ಟೆಸ್ಟ್ ಬರೆಯುವವರು, ಗಿಟ್ ಬಳಸುವವರು ಲ್ಯಾಬಿನಲ್ಲಿ ಇಂಥದ್ದನ್ನು ಬೇಗ ಹಿಡಿಯುತ್ತಾರೆ.

ಕೆಲಸಕ್ಕೆ ಈಗಲೇ ರಾಜೀನಾಮೆ ಕೊಡಬೇಡಿ. ಸಂಬಳ ಇಳಿಯುತ್ತದೆ, ಸುಮಾರು ಜಾಸ್ತಿಯೇ ಇಳಿಯಬಹುದು. ಮನೆಯಲ್ಲಿ ಕೂತು ಮಾತಾಡಿ. ಜಿಇಒ (GEO) ಅನ್ನುವ ಸಾರ್ವಜನಿಕ ಆನ್‌ಲೈನ್ ಸಂಗ್ರಹದಲ್ಲಿ ಪ್ರಕಟವಾದ ಪ್ರಯೋಗಗಳ ಡೇಟಾ ಉಚಿತವಾಗಿ ಸಿಗುತ್ತದೆ. ಇಷ್ಟವಾದ ಒಂದು ಸಂಶೋಧನಾ ಲೇಖನ ತಗೊಂಡು, ಅದರ ಒಂದೇ ಒಂದು ಚಿತ್ರವನ್ನು ನೀವೇ ಮತ್ತೆ ಮಾಡಿ ನೋಡಿ. ಶುರು ಮಾಡುವ ಮೊದಲು ಸ್ಯಾಂಪಲ್‌ಗಳ ಪಟ್ಟಿ ತೆರೆಯಿರಿ. ಯಾವುದನ್ನು ಯಾವತ್ತು ತೆಗೆದರು ಅಂತ ಬರೆದಿದ್ದಾರಾ, ಹುಡುಕಿ.